ನಮೀಬಿಯದ ಹಾದಿಯಲ್ಲಿ ಕೇಳಿದ ಒಂದು ಪ್ರಶ್ನೆ

ವಿಭಾಗದ ಸ್ಮರಣ ಸಂಪುಟಕ್ಕೆ ಒಂದು ಲೇಖನ ಬೇಕೆಂದು ಸಂಪಾದಕ ಮಿತ್ರರು ಕೇಳಿದಾಗ, ವಿಭಾಗ ನಡೆದುಬಂದ ದಾರಿಯನ್ನು ಕುರಿತು ನಾಲ್ಕು ಮಾತು ಬರೆದು ಋಣಮುಕ್ತನಾಗಬಹುದೆಂದು ಮೊದಲು ಅಂದುಕೊಂಡೆ. ಆದರೆ ಆ ಕೆಲಸವನ್ನು ನನಗಿಂತ ಹಿರಿಯರಾದವರು ಈ ಸಂಪುಟದಲ್ಲಿ ಸಮರ್ಥವಾಗಿ ಮಾಡುತ್ತಾರೆ. ನಾನು ಹೇಳಬೇಕಾದುದು ಬೇರೆ. ಎರಡು ದಶಕಗಳಿಗೂ ಮಿಕ್ಕಿದ ನನ್ನ ಅಧ್ಯಾಪನವನ್ನು ಒಂದು ಸಂಜೆ, ಒಂದೇ ಒಂದು ಪ್ರಶ್ನೆ ತಡೆದು ನಿಲ್ಲಿಸಿತು. ಆ ಪ್ರಶ್ನೆಯನ್ನು ನಾನು ಮುಂಬಯಿಯಲ್ಲಾಗಲಿ ಕರ್ನಾಟಕದಲ್ಲಾಗಲಿ ಕೇಳಲಿಲ್ಲ. ಆಫ್ರಿಕ ಖಂಡದ ನೈಋತ್ಯ ಅಂಚಿನಲ್ಲಿ, ಅಟ್ಲಾಂಟಿಕ್ ಸಾಗರದ ಗಾಳಿಗೆ ಮೈಯೊಡ್ಡಿ ನಿಂತ ಒಂದು ಬಂಡೆಯ ಮೇಲೆ ಕೇಳಿದೆ.

2019ರಲ್ಲಿ ಜರ್ಮನಿಯ ಒಂದು ವಿಶ್ವವಿದ್ಯಾಲಯದಲ್ಲಿ ಬೇಸಗೆಯ ಒಂದು ಸೆಮಿಸ್ಟರ್ ಕಾಲ ಕನ್ನಡ ಕಲಿಸುವ ಅವಕಾಶ ನನಗೆ ಒದಗಿತ್ತು. ತರಗತಿಯಲ್ಲಿ ಇದ್ದವರು ಆರೇ ಮಂದಿ. ಎಲ್ಲರೂ ಭಾಷಾವಿಜ್ಞಾನದ ವಿದ್ಯಾರ್ಥಿಗಳು. 'ಪ್ರೊಫೆಸರ್' ಎಂಬ ಅವರ ಸಂಬೋಧನೆ ನನಗೆ ತೀರ ದೂರದ್ದೆನಿಸಿ, 'ಮೇಷ್ಟ್ರೇ' ಎನ್ನುವುದನ್ನು ಕಲಿಸಿದ್ದೆ. ಸೆಮಿಸ್ಟರ್ ಮುಗಿದ ಮೇಲೆ ಆಗಸ್ಟ್ ತಿಂಗಳಿನಲ್ಲಿ ಅವರು ತಮ್ಮ ಕಿರಿಯ ಅಧ್ಯಾಪಕಿಯೊಡನೆ ನಮೀಬಿಯ ದೇಶಕ್ಕೆ ಹೊರಟರು. ಅಲ್ಲಿನ ನಾಮ ಜನರ ಭಾಷೆಯಾದ ಖೋಯೆಖೋಯೆಗೊವಾಬ್ ಅನ್ನು ಕೇಳುವುದು, ಗುಡಾರ ಹಾಕಿಕೊಂಡು ದೇಶ ಸುತ್ತುವುದು, ಎರಡೂ ಅವರ ಉದ್ದೇಶವಾಗಿತ್ತು. "ನೀವೂ ಬನ್ನಿ ಮೇಷ್ಟ್ರೇ, ಒಂದು ಆಸನ ಖಾಲಿ ಇದೆ" ಎಂದರು. ನಾನು ಒಪ್ಪಿದೆ. ಐವತ್ತರ ವಯಸ್ಸಿನಲ್ಲಿ ವಾಹನದ ನೆತ್ತಿಯ ಮೇಲೆ ಬಿಚ್ಚಿಕೊಳ್ಳುವ ಗುಡಾರದಲ್ಲಿ ಮಲಗಬೇಕಾದೀತೆಂದು, ನಡುರಾತ್ರಿ ಏಣಿಯಿಳಿಯುವುದೇ ಒಂದು ಸಾಹಸವಾದೀತೆಂದು ಆಗ ಹೊಳೆಯಲಿಲ್ಲ.

ರಾಜಧಾನಿ ವಿಂಡ್‌ಹುಕ್‌ನಲ್ಲಿ ನಮ್ಮೊಡನೆ ಅಲ್ಲಿನ ವಿಶ್ವವಿದ್ಯಾಲಯದ ಒಬ್ಬ ವಿದ್ಯಾರ್ಥಿನಿ ಸೇರಿಕೊಂಡಳು. ಅವಳು ನಾಮ ಕುಲದವಳು; ತನ್ನ ಭಾಷೆಯನ್ನೇ ಅಧ್ಯಯನಕ್ಕೆ ಆರಿಸಿಕೊಂಡವಳು. ಹೀಗೆ ನಾವು ಒಂಬತ್ತು ಮಂದಿ, ಎರಡು ವಾಹನಗಳು. ಆ ದೇಶದಲ್ಲಿ ವಾಹನಗಳು ನಮ್ಮಲ್ಲಿಯಂತೆಯೇ ರಸ್ತೆಯ ಎಡಬದಿಯಲ್ಲಿ ಸಾಗುತ್ತವೆ. ಬಲಬದಿಗೆ ಒಗ್ಗಿದ್ದ ಜರ್ಮನ್ ಹುಡುಗರು ಮೊದಲ ದಿನ ಪ್ರತಿ ತಿರುವಿನಲ್ಲೂ ತಡವರಿಸುತ್ತಿದ್ದರು; ಪಕ್ಕದಲ್ಲಿ ಕುಳಿತು "ಎಡಕ್ಕೆ, ಎಡಕ್ಕೆ" ಎಂದು ಕನ್ನಡದಲ್ಲಿ ಎಚ್ಚರಿಸುವುದು ನನ್ನ ಕೆಲಸವಾಯಿತು. ಒಂದು ಸೆಮಿಸ್ಟರಿನಲ್ಲಿ ನಾನು ಕಲಿಸಿದ ಪದಗಳಲ್ಲಿ ಇಷ್ಟು ಸಾರ್ಥಕವಾಗಿ ಬಳಕೆಯಾದ ಪದ ಇನ್ನೊಂದಿರಲಾರದು.

ನಮೀಬಿಯದ ವಿಸ್ತೀರ್ಣ ಸುಮಾರು 8,25,000 ಚದರ ಕಿಲೋಮೀಟರು, ಅಂದರೆ ಕರ್ನಾಟಕದ ನಾಲ್ಕು ಪಟ್ಟಿಗೂ ಹೆಚ್ಚು. ಜನಸಂಖ್ಯೆಯಾದರೋ 2023ರ ಗಣತಿಯಲ್ಲೂ ಸುಮಾರು 30 ಲಕ್ಷ ಮಾತ್ರ. ಮುಂಬಯಿಯಂಥ ಊರಿನಿಂದ ಹೋದವನಿಗೆ ಈ ಬಯಲೇ ಮೊದಲ ಆಘಾತ. ರೆಹೊಬೊತ್ ಎಂಬ ಊರನ್ನು ದಾಟಿ ಮಕರ ಸಂಕ್ರಾಂತಿ ವೃತ್ತವನ್ನು ಹಾಯ್ದು ದಕ್ಷಿಣಕ್ಕೆ ನಡೆದಂತೆ ಮನೆಗಳು ವಿರಳವಾದವು, ಮರಗಳು ವಿರಳವಾದವು, ಕೊನೆಗೆ ನಮ್ಮ ಮಾತುಗಳೂ ವಿರಳವಾದವು. ಹೆದ್ದಾರಿ ಬಿಟ್ಟು ಜಲ್ಲಿಯ ದಾರಿಗಿಳಿದಾಗ ಚಕ್ರಗಳ ಗಾಳಿಯನ್ನು ಸ್ವಲ್ಪ ಇಳಿಸಬೇಕು, ವೇಗವನ್ನು ತಗ್ಗಿಸಬೇಕು. ಇಲ್ಲವಾದರೆ ಅಲೆಅಲೆಯಾದ ಆ ನೆಲ ವಾಹನವನ್ನು ತನ್ನಿಷ್ಟದ ಕಡೆಗೆ ಎಳೆದೊಯ್ಯುತ್ತದೆ. ಅಲ್ಲಿ ಆಗ ಚಳಿಗಾಲ. ಹಗಲೆಲ್ಲ ಹಿತವಾದ ಬಿಸಿಲು, ಇರುಳಾದರೆ ಎಲುಬು ನಡುಗಿಸುವ ಚಳಿ.

ಕೀಟ್‌ಮನ್ಸ್‌ಹೂಪ್ ಎಂಬ ಊರಿನ ಬಳಿ 'ಬತ್ತಳಿಕೆ ಮರ'ಗಳ ತೋಪಿದೆ. ಮರವೆಂದು ಕರೆದರೂ ಅದು ಲೋಳೆಸರದ ಜಾತಿಗೆ ಸೇರಿದ ಗಿಡ. ಸಾನ್ ಬೇಟೆಗಾರರು ಅದರ ಕೊಂಬೆಯ ತಿರುಳನ್ನು ತೆಗೆದು ಬಾಣಗಳ ಬತ್ತಳಿಕೆ ಮಾಡಿಕೊಳ್ಳುತ್ತಿದ್ದುದರಿಂದ ಆ ಹೆಸರು. ಅದರ ಅಡಿಯಲ್ಲಿ ಮೊದಲ ಬಿಡಾರ. ನಾಮ ವಿದ್ಯಾರ್ಥಿನಿ ಅಂಗಡಿಯಿಂದ 'ಮಹಂಗು' ಎಂಬ ಹಿಟ್ಟನ್ನು ಕೊಂಡು ತಂದಿದ್ದಳು. ಚೀಲ ಬಿಚ್ಚಿ ಮೂಸಿದೊಡನೆಯೇ ಗುರುತು ಹತ್ತಿತು: ಸಜ್ಜೆ! ಉತ್ತರ ನಮೀಬಿಯದ ಜನರ ಮುಖ್ಯ ಆಹಾರ ಇದೇ. ಬಯಲಿನ ಬೆಂಕಿಯ ಮೇಲೆ, ಬೋಗುಣಿಯ ಬೆನ್ನಿನಲ್ಲಿ ನಾನು ಬಡಿದು ಬೇಯಿಸಿದ ಸಜ್ಜೆಯ ರೊಟ್ಟಿ ವಿಜಾಪುರದ ಯಾವ ಗೃಹಿಣಿಯೂ ಒಪ್ಪುವಂಥದಾಗಿರಲಿಲ್ಲ. ಆದರೂ ಒಂದು ಚೂರೂ ಉಳಿಯಲಿಲ್ಲ. ರಾತ್ರಿ ಆಕಾಶದಲ್ಲಿ ವೃಶ್ಚಿಕ ರಾಶಿ ನಡುನೆತ್ತಿಗೆ ಬಂದಿತ್ತು. ನಮ್ಮಲ್ಲಿ ದಕ್ಷಿಣ ದಿಗಂತದಲ್ಲಿ ತುಸುಹೊತ್ತು ತೋರಿ ಮರೆಯಾಗುವ ತ್ರಿಶಂಕು ಅಲ್ಲಿ ಎತ್ತರದಲ್ಲಿ ನಿಂತಿತ್ತು. ಅತ್ತ ಸ್ವರ್ಗವೂ ಇಲ್ಲದ ಇತ್ತ ಭೂಮಿಯೂ ಇಲ್ಲದ ಆ ರಾಜನ ಕತೆಯನ್ನು ನಾನು ಹೇಳಿದಾಗ, ಹೊರನಾಡಿನ ಕನ್ನಡಿಗನಿಗೆ ಆತ ಹತ್ತಿರದ ನಂಟನೆಂಬುದನ್ನೂ ಸೇರಿಸಿದೆ. ಎಲ್ಲರೂ ನಕ್ಕರು.

ಆ ಬೆಂಕಿಯ ಸುತ್ತಲೇ ನಮ್ಮ ಭಾಷೆಯ ಪಾಠಗಳು ನಡೆದುದು. ಖೋಯೆಖೋಯೆಗೊವಾಬ್‌ನಲ್ಲಿ ನಾಲಿಗೆಯನ್ನು ಬಾಯಿಯೊಳಗೆ ಒತ್ತಿ ಸೆಳೆದು ಹೊರಡಿಸುವ ನಾಲ್ಕು ಬಗೆಯ ಧ್ವನಿಗಳಿವೆ: ದಂತ್ಯ, ಪಾರ್ಶ್ವಿಕ, ವರ್ತ್ಸ್ಯ ಮತ್ತು ತಾಲವ್ಯ. ಒಂದೊಂದಕ್ಕೂ ಐದೈದು ಪ್ರಭೇದಗಳು; ಒಟ್ಟು ಇಪ್ಪತ್ತು ವ್ಯಂಜನಗಳು. ಬರಹದಲ್ಲಿ ಅವಕ್ಕೆ ಒಂದು ನೆಟ್ಟ ಗೆರೆ, ಎರಡು ನೆಟ್ಟ ಗೆರೆ, ಆಶ್ಚರ್ಯಸೂಚಕ ಚಿಹ್ನೆ, ಎರಡು ಅಡ್ಡಗೀಟುಗಳುಳ್ಳ ನೆಟ್ಟ ಗೆರೆ, ಹೀಗೆ ಗುರುತುಗಳಿವೆ. ಜರ್ಮನ್ ವಿದ್ಯಾರ್ಥಿಗಳು ಒದ್ದಾಡುತ್ತಿದ್ದಾಗ ನನಗೊಂದು ವಿಷಯ ಹೊಳೆಯಿತು. ಈ ಧ್ವನಿಗಳಲ್ಲಿ ಎರಡು ನಮಗೆ ಹೊಸವೇನಲ್ಲ. ಅಯ್ಯೋ ಪಾಪವೆಂದು ನಾವು ಲೊಚಗುಟ್ಟುವಾಗ ಬರುವುದು ಅವರ ದಂತ್ಯ ಧ್ವನಿ. ಗಾಡಿಯ ಎತ್ತನ್ನು ಮುಂದಕ್ಕೆ ಹೊರಡಿಸುವಾಗ ಕೆನ್ನೆಯ ಪಕ್ಕದಲ್ಲಿ ಹೊರಡಿಸುವುದು ಅವರ ಪಾರ್ಶ್ವಿಕ ಧ್ವನಿ. ನಮ್ಮ ಬಾಯಲ್ಲಿರುವ ಧ್ವನಿಗಳೇ ಅವು. ಆದರೆ ನಾವು ಅವನ್ನು ಅಕ್ಷರಮಾಲೆಯ ಹೊಸ್ತಿಲು ದಾಟಿಸಲಿಲ್ಲ. ಅವರಾದರೋ ಅವುಗಳಿಂದ ಪದ ಕಟ್ಟಿದ್ದಾರೆ, ಪ್ರಾರ್ಥನೆ ಕಟ್ಟಿದ್ದಾರೆ. ಇದನ್ನು ಹೇಳಿದಾಗ ನಾಮ ವಿದ್ಯಾರ್ಥಿನಿಗೆ ಬಹಳ ಸಂತೋಷವಾಯಿತು. "ಹಾಗಾದರೆ ನಿಮ್ಮ ಎತ್ತುಗಳಿಗೆ ನಮ್ಮ ಭಾಷೆ ಅರ್ಥವಾಗುತ್ತದೆ" ಎಂದಳು.

ಇಂಥ ಒಂದು ಹೊತ್ತಿನಲ್ಲಿಯೇ ನಾನು ಕಿಟ್ಟೆಲರ ವಿಷಯ ತೆಗೆದೆ. ಹೊರನಾಡಿನಲ್ಲಿ ಕನ್ನಡ ಕಲಿಸುವವನಿಗೆ, ಅದರಲ್ಲೂ ಜರ್ಮನರಿಗೆ ಕಲಿಸುವವನಿಗೆ, ರೆವರೆಂಡ್ ಫರ್ಡಿನಂಡ್ ಕಿಟ್ಟೆಲರ ಹೆಸರು ಒಂದು ಬಗೆಯ ರಹದಾರಿ. 1832ರಲ್ಲಿ ಉತ್ತರ ಜರ್ಮನಿಯ ಒಂದು ಹಳ್ಳಿಯಲ್ಲಿ ಹುಟ್ಟಿ, ಬಾಸೆಲ್ ಮಿಶನ್ನಿನ ಕೆಲಸಕ್ಕಾಗಿ ಕನ್ನಡ ನಾಡಿಗೆ ಬಂದು, 1894ರಲ್ಲಿ ಮಂಗಳೂರಿನಲ್ಲಿ ಕನ್ನಡ–ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದ ಆ ಮಹನೀಯರ ಕತೆಯನ್ನು ನಾನು ಎಷ್ಟು ತರಗತಿಗಳಲ್ಲಿ ಹೇಳಿದ್ದೇನೋ ಲೆಕ್ಕವಿಲ್ಲ. ನಮೀಬಿಯದಲ್ಲೂ ಅದೇ ಕಾಲದಲ್ಲಿ ರೈನ್ ಮಿಶನ್ನಿನ ಜರ್ಮನ್ ಪಾದ್ರಿಗಳು ಭಾಷೆಯ ಕೆಲಸ ಮಾಡುತ್ತಿದ್ದರು. ಅವರಲ್ಲೊಬ್ಬನಾದ ಯೋಹಾನ್ ಗಿಯೋರ್ಗ್ ಕ್ರೋನ್‌ಲೈನ್ ಸಿದ್ಧಪಡಿಸಿದ ಖೋಯೆಖೋಯೆ ಪದಕೋಶ ಅಚ್ಚಾದುದು 1889ರಲ್ಲಿ, ಕಿಟ್ಟೆಲ್ ಕೋಶಕ್ಕಿಂತ ಐದು ವರ್ಷ ಮೊದಲು. ಎರಡು ಕೋಶಗಳನ್ನೂ ಸೋದರ ಕೃತಿಗಳೆಂದು ನಾನು ಬಣ್ಣಿಸಿದೆ. ನಾಮ ವಿದ್ಯಾರ್ಥಿನಿ ಕೇಳಿಸಿಕೊಂಡಳು, ಏನೂ ಹೇಳಲಿಲ್ಲ.

ಫಿಶ್ ನದಿಯ ಮಹಾಕಂದರವನ್ನು ನೋಡಿಕೊಂಡು ನಾವು ಪಶ್ಚಿಮಕ್ಕೆ ಹೊರಳಿದೆವು. ಔಸ್ ಎಂಬ ಪುಟ್ಟ ಊರಿನಾಚೆ ನಮೀಬ್ ಮರುಭೂಮಿ ಆರಂಭವಾಗುತ್ತದೆ. ಅಲ್ಲಿಂದ ಲ್ಯೂಡೆರಿಟ್ಸ್ ಬಂದರಿಗೆ ಸುಮಾರು 125 ಕಿಲೋಮೀಟರು. ನಡುವೆ ಒಂದೇ ಒಂದು ಹಳ್ಳಿಯಿಲ್ಲ. ರಸ್ತೆಯ ಪಕ್ಕದಲ್ಲಿ ಹಳಿಗಳು ನಮ್ಮ ಜತೆಗೇ ಬರುತ್ತಿದ್ದವು; ಮರಳು ಅಲ್ಲಲ್ಲಿ ಅವುಗಳ ಮೇಲೆ ಏರಿಕೊಂಡಿತ್ತು. "ಈ ಹಳಿಗಳನ್ನು ಹಾಕಿದವರು ಕೈದಿಗಳು" ಎಂದು ನಾಮ ವಿದ್ಯಾರ್ಥಿನಿ ಹೇಳಿದಾಗ ವಾಹನದಲ್ಲಿ ಮಾತು ನಿಂತಿತು.

ಆ ಚರಿತ್ರೆ ಜರ್ಮನ್ ವಿದ್ಯಾರ್ಥಿಗಳಿಗೆ ಪುಸ್ತಕದಿಂದ ಗೊತ್ತಿತ್ತು. ನನಗೆ ಅಷ್ಟೂ ಗೊತ್ತಿರಲಿಲ್ಲ. 1883ರಲ್ಲಿ ಬ್ರೆಮೆನ್ ನಗರದ ವರ್ತಕ ಅಡಾಲ್ಫ್ ಲ್ಯೂಡೆರಿಟ್ಸ್ ನಾಮ ನಾಯಕ ಯೋಸೆಫ್ ಫ್ರೆಡೆರಿಕ್ಸ್‌ನಿಂದ ಈ ಕರಾವಳಿಯನ್ನು ಕೊಂಡ. ಒಪ್ಪಂದದಲ್ಲಿ ಇಪ್ಪತ್ತು ಮೈಲಿ ಅಗಲದ ಪಟ್ಟಿಯೆಂದು ಬರೆದಿತ್ತು. ನಾಯಕನಿಗೆ ತಿಳಿದಿದ್ದ ಇಂಗ್ಲಿಷ್ ಮೈಲಿ 1.6 ಕಿಲೋಮೀಟರು, ವರ್ತಕನ ಮನಸ್ಸಿನಲ್ಲಿದ್ದ ಜರ್ಮನ್ ಮೈಲಿ ಸುಮಾರು 7.4 ಕಿಲೋಮೀಟರು. ಒಂದು ಪದದ ಎರಡು ಅರ್ಥಗಳ ನಡುವೆ ಒಂದು ನಾಡು ಕೈತಪ್ಪಿತು. 1904ರ ಜನವರಿಯಲ್ಲಿ ಹೆರೆರೊ ಜನ ಜರ್ಮನ್ ಆಳ್ವಿಕೆಯ ವಿರುದ್ಧ ದಂಗೆಯೆದ್ದರು. ಅದೇ ಅಕ್ಟೋಬರ್ 2ರಂದು ಜನರಲ್ ಲೋಥರ್ ಫಾನ್ ಟ್ರೋಥ ಹೆರೆರೊ ಕುಲವನ್ನೇ ಅಳಿಸುವ ಆಜ್ಞೆ ಹೊರಡಿಸಿದ. ನಾಮ ಜನರೂ ಆಯುಧ ಹಿಡಿದರು. ಅವರ ನಾಯಕ ಹೆಂಡ್ರಿಕ್ ವಿಟ್‌ಬೂಯ್ 1905ರಲ್ಲಿ ಯುದ್ಧದಲ್ಲಿ ಮಡಿದ. ಅವನ ಮುಖವನ್ನು ನಾನು ಆ ದೇಶದ ನೋಟುಗಳ ಮೇಲೆ ದಿನವೂ ನೋಡುತ್ತಿದ್ದೆ, ಯಾರೆಂದು ಕೇಳಿರಲಿಲ್ಲ. ಸೆರೆಸಿಕ್ಕ ಹೆರೆರೊ ಮತ್ತು ನಾಮ ಗಂಡಸರು, ಹೆಂಗಸರು, ಮಕ್ಕಳನ್ನು ಲ್ಯೂಡೆರಿಟ್ಸ್ ಬಳಿಯ ಶಾರ್ಕ್ ದ್ವೀಪದಲ್ಲಿ ಕೂಡಿಹಾಕಲಾಯಿತು. 1905ರಿಂದ 1907ರವರೆಗೆ ನಡೆದ ಆ ಶಿಬಿರದಲ್ಲಿ ಚಳಿ, ಹಸಿವು, ರೋಗ, ಹಳಿ ಹಾಕುವ ದುಡಿಮೆಗಳಿಂದ ಸತ್ತವರು ಸಾವಿರಕ್ಕೂ ಹೆಚ್ಚು. ಮೂರು ಸಾವಿರದವರೆಗೆ ಅಂದಾಜು ಮಾಡಿದವರಿದ್ದಾರೆ. ಸತ್ತವರ ತಲೆಗಳನ್ನು 'ಸಂಶೋಧನೆ'ಗೆಂದು ಜರ್ಮನಿಗೆ ಕಳಿಸಿದರು. ಅಂಥ ಕೆಲವು ತಲೆಬುರುಡೆಗಳು ನಮೀಬಿಯಕ್ಕೆ ಹಿಂದಿರುಗಲು 2011ರವರೆಗೆ ಕಾಯಬೇಕಾಯಿತು.

ಕಿಟ್ಟೆಲರು ಟ್ಯೂಬಿಂಗೆನ್ ನಗರದಲ್ಲಿ ತೀರಿಕೊಂಡುದು 1903ರ ಡಿಸೆಂಬರಿನಲ್ಲಿ. ಈ ಯುದ್ಧ ಆರಂಭವಾದುದು ಅದಾದ ಕೆಲವೇ ವಾರಗಳಿಗೆ. ಎರಡೂ ದಿನಾಂಕಗಳನ್ನು ಒಟ್ಟಿಗೆ ಇಟ್ಟು ನೋಡುವ ಪ್ರಸಂಗ ನನಗೆ ಅಲ್ಲಿಯವರೆಗೆ ಬಂದಿರಲಿಲ್ಲ.

ನಮ್ಮ ಆ ರಾತ್ರಿಯ ಬಿಡಾರ ಎಲ್ಲಿ ಗೊತ್ತಾಗಿತ್ತೆಂಬುದು ಊರು ಸೇರಿದ ಮೇಲೆಯೇ ನಮ್ಮಲ್ಲಿ ಹಲವರಿಗೆ ತಿಳಿದುದು. ಮೂರು ತಿಂಗಳ ಹಿಂದೆಯೇ ಹಣ ಕಟ್ಟಿ ಕಾದಿರಿಸಿದ್ದ ಪ್ರವಾಸಿಗರ ಗುಡಾರದ ತಾಣ ಶಾರ್ಕ್ ದ್ವೀಪದಲ್ಲಿಯೇ ಇತ್ತು! ಹೆಸರಿಗೆ ದ್ವೀಪ, ಈಗ ಏರಿಯ ಮೂಲಕ ಊರಿಗೆ ಸೇರಿಕೊಂಡಿದೆ. ಬಂಡೆಗಳ ನಡುವೆ ಸಮತಟ್ಟು ಮಾಡಿದ ಜಾಗಗಳು, ಮಾಂಸ ಸುಡುವ ಒಲೆಗಳು, ಸ್ನಾನದ ಮನೆ, ಸುತ್ತ ಮೂರು ಕಡೆ ಸಮುದ್ರ. ಒಂದೆಡೆ ಲ್ಯೂಡೆರಿಟ್ಸ್‌ನ ಸ್ಮಾರಕ. ಇನ್ನೊಂದೆಡೆ ಈ ಶಿಬಿರದಲ್ಲೇ 1907ರ ಫೆಬ್ರವರಿಯಲ್ಲಿ ಪ್ರಾಣಬಿಟ್ಟ ನಾಮ ನಾಯಕ ಕಾರ್ನೀಲಿಯಸ್ ಫ್ರೆಡೆರಿಕ್ಸ್‌ನ ಕಲ್ಲು. ಗಾಳಿ ಎಷ್ಟು ಬಿರುಸಾಗಿತ್ತೆಂದರೆ ವಾಹನದ ಬಾಗಿಲು ತೆರೆಯುವುದಕ್ಕೂ ಬಲ ಬೇಕಾಯಿತು.

ಗುಂಪಿನಲ್ಲಿ ವಾದ ಹುಟ್ಟಿತು. ಇಲ್ಲಿ ಗುಡಾರ ಹಾಕಿ ಅಡಿಗೆ ಮಾಡಿ ಮಲಗುವುದು ಸಾಧ್ಯವೇ ಇಲ್ಲ ಎಂದು ಇಬ್ಬರು ಹುಡುಗಿಯರು ಅತ್ತರು. ದಿನವೆಲ್ಲ ವಾಹನ ನಡೆಸಿ ದಣಿದಿದ್ದ ಎತ್ತರದ ಹುಡುಗ, "ಬೇರೆ ಕಡೆ ಹೋಗಿ ಮಲಗಿದರೆ ಸತ್ತವರಿಗೆ ಏನು ಲಾಭ?" ಎಂದ. ಕಿರಿಯ ಅಧ್ಯಾಪಕಿ ತಾನು ಮೊದಲೇ ವಿಚಾರಿಸಬೇಕಾಗಿತ್ತೆಂದು ತನ್ನನ್ನೇ ಹಳಿದುಕೊಳ್ಳುತ್ತಿದ್ದಳು. ಕೊನೆಗೆ ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಜರ್ಮನನೂ ಅಲ್ಲ, ನಾಮನೂ ಅಲ್ಲ; ಹಿರಿಯ ಬೇರೆ.

ಈಗ ನೆನೆದರೆ ನಾಚಿಕೆಯಾಗುತ್ತದೆ. ತೀರ್ಮಾನ ಹೇಳುವ ಬದಲು ನಾನು ಅವರನ್ನು ಸಮಾಧಾನ ಮಾಡಲು ಹೊರಟೆ. "ನಿಮ್ಮ ದೇಶ ಫಾನ್ ಟ್ರೋಥನನ್ನು ಮಾತ್ರ ಕೊಡಲಿಲ್ಲ, ಕಿಟ್ಟೆಲರನ್ನೂ ಕೊಟ್ಟಿತು. ಸುಮಾರು ಎಪ್ಪತ್ತು ಸಾವಿರ ಪದಗಳನ್ನು ಅವರು ನಮಗಾಗಿ ಉಳಿಸಿದರು. ಒಂದು ಭಾಷೆಯನ್ನು ಅಷ್ಟು ಪ್ರೀತಿಸಿದವರೂ ನಿಮ್ಮವರೇ ಎಂಬುದನ್ನು ಮರೆಯಬೇಡಿ" ಎಂದೆ. ಮಾತು ಸುಳ್ಳಾಗಿರಲಿಲ್ಲ. ಆದರೆ ಆ ಬಂಡೆಯ ಮೇಲೆ ಆಡುವ ಮಾತೂ ಅದಾಗಿರಲಿಲ್ಲ.

ನಾಮ ವಿದ್ಯಾರ್ಥಿನಿ ಫ್ರೆಡೆರಿಕ್ಸ್‌ನ ಕಲ್ಲಿನ ಬಳಿ ಕುಳಿತಿದ್ದವಳು ಎದ್ದು ಬಂದಳು. ಕೋಪವಿರಲಿಲ್ಲ, ನಿಜವಾಗಿಯೂ ತಿಳಿದುಕೊಳ್ಳಬೇಕೆಂಬಂತೆ ಕೇಳಿದಳು: "ಆ ಎಪ್ಪತ್ತು ಸಾವಿರ ಪದಗಳನ್ನು ಅವರಿಗೆ ಹೇಳಿಕೊಟ್ಟವರು ಯಾರು, ಸರ್? ಅವರ ಹೆಸರುಗಳನ್ನೂ ನೀವು ತರಗತಿಯಲ್ಲಿ ಹೇಳುತ್ತೀರಾ? ನಮ್ಮ ಕೋಶವನ್ನು ಎಲ್ಲರೂ ಕ್ರೋನ್‌ಲೈನ್ ಕೋಶ ಎನ್ನುತ್ತಾರೆ. ಅದರೊಳಗಿನ ಒಂದೊಂದು ಪದವನ್ನೂ ಯಾರೋ ಒಬ್ಬ ಮುದುಕಿ, ಯಾರೋ ಒಬ್ಬ ಕುರಿಕಾಯುವವ ಎರಡು ಮೂರು ಸಲ ಉಚ್ಚರಿಸಿ ತೋರಿಸಿರಬೇಕಲ್ಲವೆ?"

ನನ್ನಲ್ಲಿ ಉತ್ತರವಿರಲಿಲ್ಲ. ಕಿಟ್ಟೆಲರ ಹುಟ್ಟು, ಸಾವು, ಕೋಶದ ಪುಟವಿನ್ಯಾಸ ಎಲ್ಲವನ್ನೂ ಬಾಯಿಪಾಠ ಹೇಳಬಲ್ಲ ನನಗೆ, ಅವರಿಗೆ ಕನ್ನಡ ಹೇಳಿಕೊಟ್ಟ ಒಬ್ಬ ಕನ್ನಡಿಗನ ಹೆಸರೂ ಆ ಹೊತ್ತಿಗೆ ನಾಲಿಗೆಯ ತುದಿಗೆ ಬರಲಿಲ್ಲ. ಪರೀಕ್ಷೆಯಲ್ಲಿ ಆ ಪ್ರಶ್ನೆಯನ್ನು ನಾನು ಯಾರಿಗೂ ಹಾಕಿರಲಿಲ್ಲ; ನನಗೂ ಯಾರೂ ಹಾಕಿರಲಿಲ್ಲ.

ಎಲ್ಲಿ ಮಲಗಬೇಕೆಂಬುದನ್ನು ಅವಳನ್ನೇ ಕೇಳಿದಾಗ ಅವಳು ಒಪ್ಪಲಿಲ್ಲ. "ನಾನು ಕತ್ತಲಾಗುವವರೆಗೆ ಇಲ್ಲಿ ಕೂರುತ್ತೇನೆ. ಆಮೇಲೆ ಊರೊಳಗೆ ನೆಂಟರ ಮನೆಗೆ ಹೋಗುತ್ತೇನೆ. ನಿಮ್ಮ ತೀರ್ಮಾನವನ್ನು ನಾನು ಮಾಡಿಕೊಡಲಾರೆ" ಎಂದಳು. ಆ ಕೊಲ್ಲಿಗೆ ಅವಳ ಭಾಷೆಯಲ್ಲಿರುವ ಹೆಸರನ್ನು ನಮಗೆ ಹೇಳಿಕೊಟ್ಟಳು. ಅದು ಒಂದು ನಾಲಿಗೆಸೆಳೆತದಿಂದ ಆರಂಭವಾಗಿ ನಡುವೆ ಇನ್ನೊಂದನ್ನು ಹಾಯ್ದು ಮುಗಿಯುತ್ತದೆ. ಕನ್ನಡ ಲಿಪಿಯಲ್ಲಿ ಅದನ್ನು ಬರೆಯುವ ಅಕ್ಷರ ನನ್ನ ಬಳಿಯಿಲ್ಲ. ಕತ್ತಲಾಗುವವರೆಗೆ ನಾವು ಅವಳೊಡನೆ ಕುಳಿತಿದ್ದೆವು. ಬಳಿಕ ಆರು ಮಂದಿ ಊರಿನ ಒಂದು ಅಗ್ಗದ ವಸತಿಗೃಹಕ್ಕೆ ಹೋದೆವು. ಇಬ್ಬರು ಹುಡುಗರು ಅಲ್ಲಿಯೇ ಉಳಿದರು. ಬೆಳಗ್ಗೆ ಅವರಲ್ಲೊಬ್ಬ ರಾತ್ರಿಯಿಡೀ ಕಣ್ಣು ಮುಚ್ಚಲಿಲ್ಲವೆಂದ. ಇನ್ನೊಬ್ಬ, ಆ ಎತ್ತರದ ಹುಡುಗ, ತನಗೆ ಚೆನ್ನಾಗಿ ನಿದ್ರೆ ಬಂತೆಂದೂ ಅದಕ್ಕಾಗಿಯೇ ಈಗ ಮುಜುಗರವಾಗುತ್ತಿದೆಯೆಂದೂ ಹೇಳಿದ. ಅವನ ಪ್ರಾಮಾಣಿಕತೆ ನನಗೆ ಮೆಚ್ಚಿಕೆಯಾಯಿತು.

ಮರುದಿನ ಊರಿನ ಹೊರಗಿನ ಕೋಲ್ಮನ್ಸ್‌ಕಾಪ್ ನೋಡಿದೆವು. 1908ರಲ್ಲಿ ರೈಲು ಹಳಿಯ ಮರಳನ್ನು ಬಳಿಯುತ್ತಿದ್ದ ಜಕರಾಯಸ್ ಲೆವಾಲ ಎಂಬ ಕೂಲಿಯವನ ಕೈಗೆ ಹೊಳೆಯುವ ಕಲ್ಲೊಂದು ಸಿಕ್ಕಿತು. ಅದನ್ನು ಅವನು ಮೇಲ್ವಿಚಾರಕ ಔಗುಸ್ಟ್ ಸ್ಟೌಖ್‌ನಿಗೆ ಒಪ್ಪಿಸಿದ, ಅದು ವಜ್ರ. ಸ್ಟೌಖ್ ಸಿರಿವಂತನಾದ, ಮರುಭೂಮಿಯಲ್ಲಿ ನಾಟ್ಯಶಾಲೆ, ಆಸ್ಪತ್ರೆ, ಮಂಜುಗಡ್ಡೆಯ ಕಾರ್ಖಾನೆಗಳುಳ್ಳ ಊರು ಎದ್ದಿತು. ವಜ್ರ ಮುಗಿಯುತ್ತ ಬಂದಂತೆ ಊರೂ ಬರಿದಾಗಿ, 1956ರ ಹೊತ್ತಿಗೆ ಕೊನೆಯವರೂ ಬಿಟ್ಟುಹೋದರು. ಈಗ ಕೋಣೆ ಕೋಣೆಯಲ್ಲೂ ಕಿಟಕಿಯ ಮಟ್ಟಕ್ಕೆ ಮರಳು. ಕಲ್ಲನ್ನು ಹೆಕ್ಕಿದವನಿಗೆ ಅದರ ಸಿರಿ ದಕ್ಕಲಿಲ್ಲ. ಆದರೆ ಅವನ ಹೆಸರಾದರೂ ಉಳಿದಿದೆ. ಹೆಸರು ಕೇಳಿ ಬರೆದಿಟ್ಟುಕೊಳ್ಳುವುದು ವಜ್ರದ ವ್ಯಾಪಾರದಲ್ಲಿ ಸಾಧ್ಯವಾಗಿರುವಾಗ ಪದಗಳ ವ್ಯವಹಾರದಲ್ಲಿ ಏಕೆ ಸಾಧ್ಯವಾಗಬಾರದು ಎಂದು ಆ ಮರಳಿನಲ್ಲಿ ಕಾಲೆಳೆಯುತ್ತ ಯೋಚಿಸಿದೆ.

ಪ್ರವಾಸದ ಉಳಿದ ಭಾಗ ಸೊಗಸಾಗಿಯೇ ಇತ್ತು. ಸೊಸ್ಸೂಸ್‌ವ್ಲೈನ ಕೆಂಪು ಮರಳುಗುಡ್ಡಗಳನ್ನು ಹತ್ತಿದೆವು. 2007ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಟ್ವೈಫೆಲ್‌ಫಾಂಟೈನ್‌ನ ಬಂಡೆಗಳ ಮೇಲೆ ಬೇಟೆಗಾರರು ಕೊರೆದ ಜಿರಾಫೆ, ಘೇಂಡಾಮೃಗ, ಪಂಜಗಳಲ್ಲಿ ಐದೈದು ಬೆರಳುಗಳುಳ್ಳ ಸಿಂಹ ಎಲ್ಲವನ್ನೂ ಕಂಡೆವು. ಅವು ಬಳ್ಳಾರಿಯ ಬಳಿ ಕುಪ್ಪಗಲ್ಲಿನ ಬಂಡೆಗಳ ಮೇಲಿನ ಎತ್ತುಗಳನ್ನು ನೆನಪಿಸಿದವು. ಕೊರೆದವರ ಹೆಸರು ಅಲ್ಲೂ ಇಲ್ಲ, ಇಲ್ಲೂ ಇಲ್ಲ. ಆದರೆ ಅದಕ್ಕೆ ಕಾಲ ಕಾರಣ. ನನ್ನ ವಿಷಯದಲ್ಲಿ ಕಾಲವನ್ನು ದೂರುವಂತಿರಲಿಲ್ಲ.

ಏಕೆಂದರೆ ಆ ಪ್ರಶ್ನೆ ಕಿಟ್ಟೆಲರದು ಮಾತ್ರವಾಗಿ ಉಳಿಯಲಿಲ್ಲ. ಅದು ಮುಂಬಯಿಗೆ ನನ್ನ ಬೆನ್ನುಹತ್ತಿ ಬಂತು. ನನ್ನ ಪಿಎಚ್.ಡಿ. ಪ್ರಬಂಧ, ಉತ್ತರ ಕರ್ನಾಟಕದಿಂದ ಕೂಲಿಗಾಗಿ ಮುಂಬಯಿಗೆ ಬಂದ ಹೆಂಗಸರ ಬೀಸುವ ಪದಗಳನ್ನು ಕುರಿತದ್ದು. 1994 ಮತ್ತು 1995ರಲ್ಲಿ ಕಟ್ಟಡಗಳ ಬದಿಯ ಜೋಪಡಿಗಳಿಗೆ ಹೋಗಿ ಹಾಡುಗಳನ್ನು ಬರೆದುಕೊಂಡಿದ್ದೆ. ಬೀಸುವ ಕಲ್ಲು ಊರಿನಲ್ಲೇ ಉಳಿದಿತ್ತು. ಖಾಲಿ ನೆಲದ ಮೇಲೆ ಕೈಯಾಡಿಸುತ್ತ ಅವರು ಹಾಡುತ್ತಿದ್ದರು. ಹಿಂದಿರುಗಿದ ವಾರವೇ ವಿಭಾಗದ ಗ್ರಂಥಾಲಯದಲ್ಲಿ ಆ ಪ್ರಬಂಧವನ್ನು ತೆಗೆದು ಅನುಬಂಧ ತಿರುವಿದೆ. ಹಾಡುಗಳಿಗೆ ಕ್ರಮಸಂಖ್ಯೆಯಿತ್ತು, ದಿನಾಂಕವಿತ್ತು, ಸ್ಥಳವಿತ್ತು, ಪಾಠಾಂತರಗಳೂ ಇದ್ದವು. ಹಾಡಿದವರ ಅಂಕಣದಲ್ಲಿ 'ಒಬ್ಬ ವೃದ್ಧೆ', 'ಕೂಲಿಕಾರ್ತಿ', 'ಮತ್ತೊಬ್ಬ ಕೂಲಿಕಾರ್ತಿ' ಎಂದಿತ್ತು. ಬರೆದವನ ಹೆಸರು ಮಾತ್ರ ಹೊರಹೊದಿಕೆಯ ಮೇಲೆ ಹೊನ್ನಿನ ಅಕ್ಷರಗಳಲ್ಲಿತ್ತು.

ಆ ವೃದ್ಧೆಯ ಮುಖ ನನಗೆ ಚೆನ್ನಾಗಿ ನೆನಪಿದೆ. ಪ್ರಬಂಧದ ಅತ್ಯುತ್ತಮ ಹಾಡುಗಳೆಲ್ಲ ಅವಳವೇ. ನಡುನಡುವೆ ಹಾಡು ನಿಲ್ಲಿಸಿ, "ಉಂಡೀಯೇನಪಾ?" ಎಂದು ಕೇಳುತ್ತಿದ್ದಳು. ಅವಳು ನನ್ನ ಹೆಸರು ಕೇಳಿದ್ದಳು, ನನ್ನ ಊರು ಕೇಳಿದ್ದಳು, ತಾಯಿ ಇದ್ದಾಳೆಯೇ ಎಂದು ಕೇಳಿದ್ದಳು. ನಾನು ಅವಳಿಂದ ಹಾಡನ್ನು ಮಾತ್ರ ಕೇಳಿದೆ. 2020ರ ಜನವರಿಯಲ್ಲಿ ಆ ಜಾಗಕ್ಕೆ ಹೋದೆ. ಜೋಪಡಿಗಳಿದ್ದಲ್ಲಿ ಗೋಪುರದಂಥ ಕಟ್ಟಡಗಳಿದ್ದವು. ವಿಚಾರಿಸಲು ಒಬ್ಬರೂ ಸಿಗಲಿಲ್ಲ.

2021ರ ಮೇ ತಿಂಗಳಲ್ಲಿ ಜರ್ಮನ್ ಸರಕಾರ ನಮೀಬಿಯದಲ್ಲಿ ನಡೆದುದನ್ನು ನರಮೇಧವೆಂದು ಒಪ್ಪಿಕೊಂಡು, ಮೂವತ್ತು ವರ್ಷಗಳಲ್ಲಿ 110 ಕೋಟಿ ಯೂರೋ ನೆರವು ನೀಡುವುದಾಗಿ ಘೋಷಿಸಿತು. ಮಾತುಕತೆಯಲ್ಲಿ ತಮ್ಮನ್ನು ಸರಿಯಾಗಿ ಸೇರಿಸಿಕೊಳ್ಳಲಿಲ್ಲವೆಂದು ಹೆರೆರೊ ಮತ್ತು ನಾಮ ನಾಯಕರಲ್ಲಿ ಹಲವರು ಅದನ್ನು ತಿರಸ್ಕರಿಸಿದರು. ಪತ್ರಿಕೆಯಲ್ಲಿ ಆ ಸುದ್ದಿ ಓದಿದ ದಿನ ನಾನು ಮತ್ತೆ ಗ್ರಂಥಾಲಯದ ಆ ಪ್ರತಿಯನ್ನು ತರಿಸಿಕೊಂಡೆ. ಶಾರ್ಕ್ ದ್ವೀಪದ ಪಾತಕಕ್ಕೂ ನನ್ನ ಅನುಬಂಧದ ಲೋಪಕ್ಕೂ ಹೋಲಿಕೆಯಿಲ್ಲವೆಂಬುದನ್ನು ಬಲ್ಲೆ; ಹೋಲಿಸುವುದೂ ತಪ್ಪಾಗುತ್ತದೆ. ಆದರೆ ನನ್ನ ಕೈಯಿಂದಾದ ಲೋಪವನ್ನು ನಾನಲ್ಲದೆ ಇನ್ನಾರು ಬರೆದಿಡಬೇಕು?

ಗ್ರಂಥಾಲಯದ ಪುಸ್ತಕದಲ್ಲಿ ಗೀಚಬಾರದೆಂದು ವಿದ್ಯಾರ್ಥಿಗಳಿಗೆ ದಂಡ ವಿಧಿಸುವವನು ನಾನು. ಆ ನಿಯಮವನ್ನು ಒಂದು ಸಲ ಮುರಿದಿದ್ದೇನೆ. ಅನುಬಂಧದಲ್ಲಿ 'ಒಬ್ಬ ವೃದ್ಧೆ' ಎಂದಿರುವ ಕಡೆಗಳಲ್ಲೆಲ್ಲ ಅಂಚಿನಲ್ಲಿ ಸೀಸದಕಡ್ಡಿಯಿಂದ 'ಹೆಸರನ್ನು ಕೇಳಲಿಲ್ಲ' ಎಂದು ಬರೆದು ಸಹಿ ಹಾಕಿದ್ದೇನೆ. ಈ ಸಂಪುಟವನ್ನು ಓದುವ ಕಿರಿಯರು ಮುಂದೆ ಕ್ಷೇತ್ರಕಾರ್ಯಕ್ಕೆ ಹೊರಡುವ ಮುನ್ನ ಒಮ್ಮೆ ಆ ಪುಟಗಳನ್ನು ತೆರೆದು ನೋಡಬೇಕೆಂದು ಕೇಳಿಕೊಳ್ಳುತ್ತೇನೆ.